ತೋಳ ಓಡಾಡುವ ಊರಲ್ಲಿ ಕುರಿಮಂದೆಗೆ ಕಾವಲು ನಾಯಿ ಬೆಳೆಸುವುದು ಹೇಗೆ

"ಯಾವ ಜಾತಿ ನಾಯಿ ತರಲಿ?" ಕೊಪ್ಪಳ, ಗದಗ, ಬಳ್ಳಾರಿ, ಬಾಗಲಕೋಟೆ ಕಡೆ ಹೊಸದಾಗಿ ಕುರಿ ಕಟ್ಟಿದವರು ಮೊದಲು ಕೇಳುವ ಪ್ರಶ್ನೆ ಇದೇ. ಸಾಲ ಮಾಡಿ ನೂರು ಕುರಿ ತಂದಿರುತ್ತಾರೆ, ಪಕ್ಕದ ಹಟ್ಟಿಯಲ್ಲಿ ತೋಳ ಎರಡು ಮರಿ ಎತ್ತಿಕೊಂಡು ಹೋಗಿರುತ್ತದೆ, ಯಾರೋ ಯೂಟ್ಯೂಬ್‌ನಲ್ಲಿ ಟರ್ಕಿಯ ಕಂಗಾಲ್ ನಾಯಿ ತೋರಿಸಿರುತ್ತಾರೆ, ಇನ್ಯಾರೋ ಮುಧೋಳ ತಗೋ ಅಂತ ಹೇಳಿರುತ್ತಾರೆ. ನನ್ನ ಉತ್ತರ ಯಾವಾಗಲೂ ಒಂದೇ. ಜಾತಿ ಆಮೇಲೆ ನೋಡೋಣ. ಮರಿ ಹುಟ್ಟಿದ ಮೊದಲ ನಾಲ್ಕು ತಿಂಗಳು ಯಾರ ಜೊತೆ ಬೆಳೆಯುತ್ತದೆ, ಅದನ್ನು ಮೊದಲು ನೋಡಿ. ಕುರಿ ಜೊತೆ ಬೆಳೆದ ಬೀದಿ ನಾಯಿ ಕುರಿ ಕಾಯುತ್ತದೆ. ಮನೆ ಅಂಗಳದಲ್ಲಿ ಬೆಳೆದ ಲಕ್ಷ ರೂಪಾಯಿ ನಾಯಿ ಮನೆ ಕಾಯುತ್ತದೆ, ಅಷ್ಟೇ.

ಮೊದಲು ತೋಳದ ವಿಷಯ

ತೋಳ ಹೇಗೆ ಬರುತ್ತದೆ ಅಂತ ಗೊತ್ತಿಲ್ಲದೆ ನಾಯಿ ಸಾಕಿ ಉಪಯೋಗವಿಲ್ಲ. ನಮ್ಮ ಬಯಲುಸೀಮೆ ತೋಳ ದೊಡ್ಡ ಪ್ರಾಣಿಯೇನಲ್ಲ. ಹೆಚ್ಚೆಂದರೆ 25 ಕಿಲೋ, ಎಷ್ಟೋ ಸಲ ಅದಕ್ಕಿಂತ ಕಡಿಮೆ. ವಿದೇಶಿ ವಿಡಿಯೋಗಳಲ್ಲಿ ಕಾಣುವ ಹಾಗೆ ಹತ್ತು-ಹದಿನೈದು ಸೇರಿ ನುಗ್ಗುವುದೂ ಇಲ್ಲ. ಎರಡು, ಮೂರು, ಕೆಲವೊಮ್ಮೆ ಐದಾರು. ತೊಗರಿ ಹೊಲದಲ್ಲೋ ಹಳ್ಳದ ಜಾಲಿ ಪೊದೆಯಲ್ಲೋ ಕೂತು ಗಂಟೆಗಟ್ಟಲೆ ಮಂದೆ ನೋಡುತ್ತವೆ. ಕುರಿಗಾಹಿ ಊಟಕ್ಕೆ ಕೂತ ಹೊತ್ತು, ಮಂದೆ ಹಳ್ಳ ದಾಟುವ ಹೊತ್ತು, ಸಂಜೆ ಮಬ್ಬು, ಮಳೆ ಬರುವ ರಾತ್ರಿ, ಇವೇ ಅವುಗಳ ಸಮಯ. ಒಂದು ತೋಳ ಒಂದು ಕಡೆ ಕಾಣಿಸಿಕೊಂಡು ಎಲ್ಲರೂ ಆ ಕಡೆ ಓಡಿದಾಗ ಇನ್ನೊಂದು ಹಿಂದಿನಿಂದ ಮರಿ ಹಿಡಿದಿರುತ್ತದೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ತೋಳಕ್ಕೆ ಜಗಳ ಬೇಡ. ಕಾಲಿಗೆ ಪೆಟ್ಟು ಬಿದ್ದರೆ ಅದು ಓಡಿ ಹಿಡಿಯಲಾರದು, ಹಿಡಿಯದಿದ್ದರೆ ಉಪವಾಸ. ಹಾಗಾಗಿ "ನಿನ್ನನ್ನು ನೋಡಿಬಿಟ್ಟೆ" ಅಂತ ಯಾರಾದರೂ ಗೊತ್ತು ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಬಿಟ್ಟು ಬೇರೆ ಮಂದೆ ಹುಡುಕುತ್ತದೆ. ಕಾವಲು ನಾಯಿಯ ಕೆಲಸ ಅದೇ: ಬೊಗಳಬೇಕು, ಕುರಿಗೂ ತೋಳಕ್ಕೂ ಮಧ್ಯೆ ನಿಲ್ಲಬೇಕು, ಜಾಗ ಬಿಟ್ಟು ಹೋಗಬಾರದು. ತೋಳವನ್ನು ಎರಡು ಮೈಲಿ ಅಟ್ಟಿಸಿಕೊಂಡು ಹೋಗುವ ನಾಯಿಯನ್ನು ಊರೆಲ್ಲ ಹೊಗಳುತ್ತದೆ. ಅಷ್ಟು ಹೊತ್ತು ಮಂದೆ ಕಾದವರು ಯಾರು ಅಂತ ಯಾರೂ ಕೇಳುವುದಿಲ್ಲ.

ಹಾಗಾದರೆ ಮುಧೋಳ ಬೇಡವಾ?

ಮುಧೋಳ ನಾಯಿ ಮೇಲೆ ನನಗೂ ಅಭಿಮಾನ ಇದೆ. 2005ರಲ್ಲಿ ಅಂಚೆ ಇಲಾಖೆ ಅದರ ಚೀಟಿ ತಂದಿತು, ಸೇನೆಯವರೂ ತರಬೇತಿಗೆ ತಗೊಂಡರು, ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದಕ್ಕೇ ಅಂತ ಸಂಶೋಧನಾ ಕೇಂದ್ರವಿದೆ. ಆದರೆ ಅದು ಕಣ್ಣಲ್ಲಿ ನೋಡಿ ಓಡಿ ಹಿಡಿಯುವ ಬೇಟೆ ನಾಯಿ. ಮೊಲ ಎದ್ದರೆ ಅದಕ್ಕೆ ಮಂದೆ ನೆನಪಿರುವುದಿಲ್ಲ. ಓಡುವುದು ಅದರ ರಕ್ತದಲ್ಲೇ ಇದೆ, ತಪ್ಪು ಅದರದ್ದಲ್ಲ.

ಬೇಟೆ ನಾಯಿಗೆ ನಮ್ಮಲ್ಲಿ ಮರ್ಯಾದೆ ಮೊದಲಿಂದಲೂ ಜಾಸ್ತಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಕ್ರಿ.ಶ. 949-50ರ ಶಾಸನ ನೋಡಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ರಾಜ ಬೂತುಗ "ಏನು ಬೇಕೋ ಕೇಳು" ಎಂದರೆ ಆತ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿ ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಗಲೂ ರಾತ್ರಿ ಮಂದೆ ಪಕ್ಕದಲ್ಲೇ ಮಲಗಿ ಮುದಿಯಾಗಿ ಸಾಯುವ ಹಟ್ಟಿ ನಾಯಿಗೆ ಮಾತ್ರ ಯಾರು ಕಲ್ಲು ಹಾಕಿಸುತ್ತಾರೆ ಹೇಳಿ!

ನಿಮಗೆ ಬೇಕಾದ್ದು ಆ ಹಟ್ಟಿ ನಾಯಿಯೇ. ಮರಿ ತರುವಾಗ ಅಂಗಡಿಗೆ ಹೋಗಬೇಡಿ. ವರ್ಷಗಟ್ಟಲೆ ಕುರಿ ತಿರುಗಿಸುವ ಕುರಿಗಾಹಿಗಳ ಹತ್ತಿರ ಹೋಗಿ. ಅವರು ಸುಗ್ಗಿ ಮುಗಿದ ಹೊಲದಲ್ಲಿ ಮಂದೆ ಹಾಕಿದ್ದಾಗ ಸಂಜೆ ಹೋಗಿ ಸುಮ್ನೆ ದೂರ ಕೂತು ನೋಡಿ. ನಿಮ್ಮನ್ನು ಕಂಡು ತಾಯಿ ನಾಯಿ ಬೊಗಳುತ್ತಾ ಬಂದು, ಮಂದೆಯ ಅಂಚಿಗೆ ನಿಂತು, ನೀವು ಹಿಂದೆ ಸರಿದ ಮೇಲೆ ತಿರುಗಿ ಕುರಿ ಮಧ್ಯೆ ಹೋಗಿ ಮಲಗಿದರೆ ಆ ತಾಯಿಯ ಮರಿಯನ್ನು ಕೇಳಿ. ಕಚ್ಚೋಕೆ ಬಂದು ಕಾಲು ಬಿಡದ ತಾಯಿ ಬೇಡ, ಗಾಡಿ ಕೆಳಗೆ ಅಡಗಿದ್ದೂ ಬೇಡ. ಮರಿಗಳಲ್ಲಿ ಎಲ್ಲರ ಮೇಲೆ ಏರಿ ಹೋಗುವ ಪುಂಡ ಮರಿ ಬಿಡಿ, ಮೂಲೆ ಸೇರಿದ್ದೂ ಬಿಡಿ. ಮಧ್ಯದ್ದು ತಗೊಳ್ಳಿ. ಗಂಡೋ ಹೆಣ್ಣೋ ಅನ್ನುವುದು ದೊಡ್ಡ ವಿಷಯವಲ್ಲ.

ಏಳನೇ ವಾರದಿಂದ ಹದಿನಾರನೇ ವಾರ

ಇಡೀ ಕೆಲಸ ಇರುವುದು ಇಲ್ಲೇ. ನಾಯಿ ಮರಿಗೆ ಸುಮಾರು ಮೂರನೇ ವಾರದಿಂದ ಹದಿನಾಲ್ಕು-ಹದಿನಾರನೇ ವಾರದ ತನಕ ಒಂದು ಕಾಲ ಇರುತ್ತದೆ. ಆಗ ಯಾರ ಜೊತೆ ಇರುತ್ತದೋ ಅವರೇ ತನ್ನವರು ಅಂತ ಅದರ ತಲೆಯಲ್ಲಿ ಕೂತುಬಿಡುತ್ತದೆ. ಅಮೆರಿಕದ ಹ್ಯಾಂಪ್‌ಶೈರ್ ಕಾಲೇಜಿನಲ್ಲಿ ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ದಂಪತಿ 1970ರ ದಶಕದ ಕೊನೆಯಲ್ಲಿ ಯುರೋಪು, ಟರ್ಕಿ ಕಡೆಯಿಂದ ಕಾವಲು ನಾಯಿ ತರಿಸಿ, ರೈತರಿಗೆ ಕೊಟ್ಟು, ವರ್ಷಗಟ್ಟಲೆ ಲೆಕ್ಕ ಇಟ್ಟು ನೋಡಿದರು. ಒಳ್ಳೆ ಕಾವಲು ನಾಯಿಗೆ ಮೂರು ಗುಣ ಬೇಕು ಅಂದರು: ಕುರಿ ಬಿಟ್ಟು ಹೋಗಬಾರದು, ಕುರಿಗೆ ತೊಂದರೆ ಕೊಡಬಾರದು, ಹೊಸದೇನಾದರೂ ಬಂದರೆ ಎದುರು ನಿಲ್ಲಬೇಕು. ನಮ್ಮ ಕುರಿಗಾಹಿಗಳು ಇದನ್ನು ಯಾವ ಕಾಲೇಜಿಗೂ ಹೋಗದೆ ಮಾಡಿಕೊಂಡು ಬಂದಿದ್ದಾರೆ. ಅವರ ನಾಯಿ ಹಟ್ಟಿಯಲ್ಲೇ ಈಯುತ್ತದೆ, ಮರಿ ಕಣ್ಣು ಬಿಟ್ಟಾಗ ಮೊದಲು ಕಾಣುವುದೇ ಕುರಿ ಕಾಲು.

ನೀವು ಹೊರಗಿಂದ ಮರಿ ತರುವುದಾದರೆ ಏಳೆಂಟು ವಾರಕ್ಕೆ ತನ್ನಿ. ಮನೆಯೊಳಗೆ ಒಂದು ರಾತ್ರಿಯೂ ಬೇಡ, ನೇರ ರೊಪ್ಪಕ್ಕೆ, ಅಂದರೆ ಕುರಿ ಕೂಡುವ ದೊಡ್ಡಿಗೆ. ದೊಡ್ಡ ಮಂದೆಯಲ್ಲಿ ಬಿಟ್ಟರೆ ತುಳಿಸಿಕೊಂಡು ಹೆದರುತ್ತದೆ. ಅದಕ್ಕೆ ರೊಪ್ಪದ ಒಂದು ಮೂಲೆಗೆ ತಡಿಕೆ ಕಟ್ಟಿ, ನಾಲ್ಕೈದು ಕುರಿಮರಿ ಮತ್ತು ಒಂದು ಸಾಧು ತಾಯಿ ಕುರಿ ಬಿಡಿ. ನಾಯಿಮರಿ ಮಾತ್ರ ನುಸುಳಿ ಹೋಗುವಷ್ಟು ಸಂದಿ ಇರುವ ಇನ್ನೊಂದು ಚಿಕ್ಕ ಗೂಡನ್ನೂ ಮಾಡಿ. ಕುರಿ ಗುಮ್ಮಲು ಬಂದರೆ ಓಡಿ ಅಡಗೋಕೆ. ಊಟ, ನೀರು ಆ ಗೂಡಲ್ಲೇ ಇಡಿ, ಇಲ್ಲವಾದರೆ ಕುರಿಗಳೇ ಖಾಲಿ ಮಾಡುತ್ತವೆ.

ಮೊದಲ ವಾರ ಹತ್ತಿರ ಕೂತು ನೋಡುವುದೇ ಒಂದು ಖುಷಿ. ತಾಯಿ ಕುರಿ ಮುಂಗಾಲು ಒಮ್ಮೆ ನೆಲಕ್ಕೆ ಬಡಿದು, ತಲೆ ತಗ್ಗಿಸಿ ಮೂಸುತ್ತದೆ. ಒಳ್ಳೆ ಮರಿ ಆಗ ಕಿವಿ ಹಿಂದಕ್ಕೆ ಮಡಚಿ, ಮುಖ ಬೇರೆ ಕಡೆ ತಿರುಗಿಸಿ, ಹೊಟ್ಟೆ ನೆಲಕ್ಕೆ ಒತ್ತಿ ಮಲಗುತ್ತದೆ. ಸ್ವಲ್ಪ ಹೊತ್ತಿಗೆ ಕುರಿಯ ಮೂತಿ ನೆಕ್ಕಲು ನೋಡುತ್ತದೆ. ಇದು ಕಂಡರೆ ಅರ್ಧ ಗೆದ್ದಿರಿ. ಕುರಿಯನ್ನೇ ದಿಟ್ಟಿಸಿ ನೋಡುತ್ತಾ, ಮೈ ಬಿಗಿ ಮಾಡಿ, ಹೆಜ್ಜೆ ಕದ್ದು ಇಡುವ ಮರಿ ಇದ್ದರೆ ಕಣ್ಣಿಟ್ಟಿರಿ. ಅದು ಬೇಟೆಯ ಚಾಳಿ.

ಒಂದೇ ಸಲ ಎರಡು ಮರಿ ತರಬೇಡಿ. ಅವು ತಮ್ಮ ತಮ್ಮಲ್ಲೇ ಆಡಿಕೊಂಡು ಕುರಿ ಕಡೆ ತಿರುಗಿಯೂ ನೋಡುವುದಿಲ್ಲ. ಒಂದನ್ನು ಬೆಳೆಸಿ, ಅದು ಕೆಲಸ ಕಲಿತ ಮೇಲೆ ಇನ್ನೊಂದು ತಂದರೆ ಹಳೆಯದೇ ಹೊಸದಕ್ಕೆ ಅರ್ಧ ಪಾಠ ಹೇಳಿಕೊಡುತ್ತದೆ. ಇನ್ನೂರು ಕುರಿಗೆ ಕೊನೆಗೆ ಎರಡು-ಮೂರು ನಾಯಿ ಸಾಕು.

ಮಕ್ಕಳು ಮರಿ ಎತ್ತಿಕೊಂಡು ಮನೆಗೆ ಓಡುತ್ತಾರೆ, ಅದನ್ನು ತಡೆಯುವುದೇ ಅತಿ ಕಷ್ಟದ ಕೆಲಸ. ಹಾಗಂತ ಮನುಷ್ಯರ ಸ್ಪರ್ಶವೇ ಇಲ್ಲದೆ ಬೆಳೆಸಲೂ ಬೇಡಿ. ನಾಳೆ ಸೂಜಿ ಹಾಕಿಸಬೇಕು, ಮುಳ್ಳು ತೆಗೆಯಬೇಕು, ಕೈಗೇ ಸಿಗದ ನಾಯಿ ಇಟ್ಟುಕೊಂಡು ಏನು ಮಾಡುತ್ತೀರಿ? ದಿನಕ್ಕೆ ಒಮ್ಮೆ ರೊಪ್ಪದಲ್ಲೇ ಹಿಡಿದು, ಕಾಲು, ಕಿವಿ, ಬಾಯಿ ಮುಟ್ಟಿ, ಹೆಸರಿಡಿದು ಕರೆದು, ಅಲ್ಲೇ ಬಿಟ್ಟು ಬನ್ನಿ.

ಪುಂಡಾಟದ ತಿಂಗಳುಗಳು

ಐದನೇ ತಿಂಗಳಿಂದ ಸುಮಾರು ವರ್ಷದ ತನಕ ನಿಮಗೆ ಈ ನಾಯಿ ಬೇಡವೇ ಬೇಡ ಅನ್ನಿಸುತ್ತದೆ. ಕುರಿಮರಿಗಳ ಹಿಂದೆ ಓಡುತ್ತದೆ, ಉಣ್ಣೆ ಕಿತ್ತು ಬಾಯಲ್ಲಿ ಇಟ್ಟುಕೊಳ್ಳುತ್ತದೆ, ಕಿವಿ ಜಗಿಯುತ್ತದೆ. ಹೆಚ್ಚಿನವರು ಇಲ್ಲೇ ಬೇಸತ್ತು ನಾಯಿ ಓಡಿಸಿಬಿಡುತ್ತಾರೆ. ತಾಳಿ. ಇದು ಆಟ, ಆದರೆ ಬಿಟ್ಟರೆ ಚಟ ಆಗುತ್ತದೆ. ಓಡಿಸುವುದು ಕಂಡ ಕೂಡಲೇ ಗದರಿ, ಎರಡು ದಿನ ಮರಿಗಳಿಂದ ಬೇರೆ ಮಾಡಿ ಗುಮ್ಮುವ ಟಗರುಗಳ ಜೊತೆ ಕಟ್ಟಿ. ಟಗರು ಕಲಿಸಿದ ಬುದ್ಧಿ ಬೇಗ ಮರೆಯುವುದಿಲ್ಲ. ಆಗಲೂ ಬಿಡದಿದ್ದರೆ ತುಡುಗು ದನಕ್ಕೆ ಕಟ್ಟುವ ಹಾಗೆ ಕೊರಳಿಗೆ ಒಂದು ಕಟ್ಟಿಗೆ ತುಂಡು ತೂಗುಬಿಡಿ. ನಡೆಯಲು ಅಡ್ಡಿ ಆಗಬಾರದು, ಓಡಿದರೆ ಮಾತ್ರ ಮೊಣಕಾಲಿಗೆ ತಾಗಬೇಕು. ಹೊಡೆಯುವುದು ಮಾತ್ರ ಬೇಡ. ಹೊಡೆಸಿಕೊಂಡ ನಾಯಿ ನಿಮ್ಮನ್ನು ಕಂಡರೆ ಮಂದೆ ಬಿಟ್ಟು ದೂರ ಹೋಗುತ್ತದೆ, ಆಮೇಲೆ ಇನ್ನೇನು ಕಾವಲು?

ಕುರಿ ಈಯುವ ಕಾಲದಲ್ಲಿ ಎಳೆ ನಾಯಿಯನ್ನು ಒಂಟಿಯಾಗಿ ಬಿಡಬೇಡಿ. ಕುರಿ ಈದ ಮೇಲೆ ಬೀಳುವ ಮಾಸು ತಿನ್ನಲು ಹೋಗಿ ಒದ್ದೆ ಮರಿಗೂ ಬಾಯಿ ಹಾಕುವುದುಂಟು. ಹಳೆ ನಾಯಿ ಇದ್ದರೆ ಅದು ದೂರ ಮಲಗಿ, ತಾಯಿ ಎದ್ದು ಹೋದ ಮೇಲೆ ಮಾಸು ತಿಂದು ಜಾಗ ಚೊಕ್ಕ ಮಾಡುತ್ತದೆ. ಕಿರಿಯದು ನೋಡಿ ಕಲಿಯಲಿ.

ಎರಡು ವರ್ಷ ತುಂಬುವ ತನಕ ಪೂರ್ತಿ ನಂಬಬೇಡಿ. ಆ ಹೊತ್ತಿಗೂ ಮಂದೆ ಬಿಟ್ಟು ಊರು ಅಲೆಯುವ ನಾಯಿ ಇದ್ದರೆ ಅದನ್ನು ಮನೆ ಕಾವಲಿಗೆ ಯಾರಿಗಾದರೂ ಕೊಟ್ಟುಬಿಡಿ.

ಹೊಟ್ಟೆ, ಸೂಜಿ, ಕುರಿಯ ತಲೆ

ಹಸಿದ ನಾಯಿ ಮೊಲ ಹುಡುಕಿಕೊಂಡು ಹೋಗುತ್ತದೆ. ಅದಕ್ಕೆ ಊಟ ದಿನಾ ಒಂದೇ ಹೊತ್ತಿಗೆ, ಮಂದೆ ಇರುವ ಜಾಗದಲ್ಲೇ ಹಾಕಿ. ಜೋಳದ ರೊಟ್ಟಿ ಮಜ್ಜಿಗೆಯಲ್ಲಿ ನೆನೆಸಿ ಹಾಕಿದರೆ ದೊಡ್ಡ ನಾಯಿ ದಿನ ದೂಡುತ್ತದೆ, ಆದರೆ ಬೆಳೆಯುವ ಮರಿಗೆ ಅಷ್ಟೇ ಸಾಲದು. ಮೊಟ್ಟೆ, ಬೇಯಿಸಿದ ಮಾಂಸ, ಹಾಲು ಏನಾದರೂ ಸೇರಲಿ.

ಈಗ ಬಹಳ ಜನ ನಿರ್ಲಕ್ಷ್ಯ ಮಾಡುವ ವಿಷಯ. ಸತ್ತ ಕುರಿಯ ತಲೆಯನ್ನು ಹಸಿಯಾಗಿ ನಾಯಿಗೆ ಎಸೆಯಬೇಡಿ. ಕೆಲವು ಕುರಿ ಒಂದೇ ಕಡೆ ತಲೆ ವಾಲಿಸಿಕೊಂಡು ಗಿರಕಿ ಹೊಡೆದು ಹೊಡೆದು ಸಾಯುವುದನ್ನು ನೋಡಿರುತ್ತೀರಿ. ಅದರ ಮಿದುಳಿನಲ್ಲಿ ನೀರು ತುಂಬಿದ ಗುಳ್ಳೆ ಇರುತ್ತದೆ. ಲಾಡಿಹುಳದ ಮರಿಗಳು ಅವು. ನಾಯಿ ಆ ಮಿದುಳು ತಿಂದರೆ ಅದರ ಕರುಳಲ್ಲಿ ಹುಳ ಬೆಳೆಯುತ್ತದೆ, ಮೊಟ್ಟೆ ನಾಯಿಯ ಮಲದಲ್ಲಿ ಹೊರಬಂದು ಹುಲ್ಲಿಗೆ ಅಂಟುತ್ತದೆ, ಆ ಹುಲ್ಲನ್ನು ಮತ್ತೆ ನಿಮ್ಮದೇ ಕುರಿ ಮೇಯುತ್ತದೆ. ಗುಳ್ಳೆ ಇರುವ ಶ್ವಾಸಕೋಶ, ಯಕೃತ್ತಿನದ್ದೂ ಇದೇ ಕಥೆ, ಅದರ ಹುಳದ ಮೊಟ್ಟೆ ಮನುಷ್ಯರಿಗೂ ಅಪಾಯ. ಹೂಳಿ, ಸುಡಿ, ಇಲ್ಲವೇ ಚೆನ್ನಾಗಿ ಬೇಯಿಸಿ ಹಾಕಿ. ಮರಿಗೆ ಮೂರು ತಿಂಗಳ ತನಕ ಹದಿನೈದು ದಿನಕ್ಕೊಮ್ಮೆ ಜಂತು ಔಷಧಿ, ದೊಡ್ಡದಾದ ಮೇಲೆ ಮೂರು ತಿಂಗಳಿಗೊಮ್ಮೆ. ಲಾಡಿಹುಳಕ್ಕೆ ಪ್ರಾಜಿಕ್ವಾಂಟೆಲ್ ಇರುವ ಗುಳಿಗೆಯೇ ಬೇಕು, ಪಶು ವೈದ್ಯರಿಗೆ ಹಾಗೆಂದೇ ಕೇಳಿ.

ಲಸಿಕೆ ಎರಡು ಥರ. ಡಿಸ್ಟೆಂಪರ್, ಪಾರ್ವೋ ಎಂಬ ವೈರಸ್ ರೋಗಗಳಿಗೆ ಸೇರಿ ಹಾಕುವ ಸೂಜಿ ಆರರಿಂದ ಎಂಟು ವಾರಕ್ಕೆ ಒಂದು, ಮೂರು-ನಾಲ್ಕು ವಾರ ಬಿಟ್ಟು ಮತ್ತೆ. ಹುಚ್ಚುನಾಯಿ ರೋಗದ ಸೂಜಿ ಮೂರು ತಿಂಗಳಿಗೆ, ಆಮೇಲೆ ವರ್ಷ ವರ್ಷ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಅದರ ಆಸುಪಾಸಿನಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಶಿಬಿರ ನಡೆಯುತ್ತವೆ, ವಿಚಾರಿಸಿಕೊಳ್ಳಿ. ಇದು ಬರೀ ನಾಯಿಗಾಗಿ ಅಂದುಕೊಳ್ಳಬೇಡಿ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಸಿಂಹಗಳು ಸಾಲಾಗಿ ಸತ್ತಾಗ ಸಿಕ್ಕಿದ್ದು ಇದೇ ಡಿಸ್ಟೆಂಪರ್ ವೈರಸ್. ತೋಳಕ್ಕೂ ಅದು ಬರುತ್ತದೆ. ಹುಚ್ಚು ಹಿಡಿದ ತೋಳವಂತೂ ಮನುಷ್ಯ, ದನ ನೋಡದೆ ಹಗಲಲ್ಲೇ ಕಚ್ಚುತ್ತಾ ಹೋಗುತ್ತದೆ. ಹಾಗೆ ಕಚ್ಚಿಸಿಕೊಂಡವರು ಗಾಯವನ್ನು ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ವರ್ಷದ ಹೊತ್ತಿಗೆ ಸಂತಾನಹರಣ ಮಾಡಿಸಿದರೆ ಅಲೆದಾಟ ಕಡಿಮೆಯಾಗುತ್ತದೆ. ಕಾವಲಿನ ಕಸುವು ಹೋಗುತ್ತದೆ ಅನ್ನುವುದು ಸುಳ್ಳು. ಇನ್ನೊಂದು ಕಾರಣವೂ ಇದೆ: ಪುಣೆ ಹತ್ತಿರ ನಾಯಿ-ತೋಳ ಬೆರಕೆ ಪ್ರಾಣಿಗಳು ಸಿಕ್ಕಿವೆ, ವಂಶವಾಹಿ ಪರೀಕ್ಷೆಯಲ್ಲೇ ಅದು ಖಚಿತವಾಗಿದೆ. ಹೀಗೆ ಬೆರೆಯುತ್ತಾ ಹೋದರೆ ತೋಳದ ತಳಿಯೇ ಕಲಸಿಹೋಗುತ್ತದೆ.

ಹಿಮಾಚಲದ ಗದ್ದಿ ಕುರಿಗಾಹಿಗಳು ಚಿರತೆ ಕುತ್ತಿಗೆ ಹಿಡಿಯದಿರಲಿ ಅಂತ ನಾಯಿಗೆ ಮೊಳೆ ಇರುವ ಕಬ್ಬಿಣದ ಪಟ್ಟಿ ಕಟ್ಟುತ್ತಾರೆ. ಗುಡ್ಡದ ಬದಿಯ ನಮ್ಮ ಊರುಗಳಲ್ಲೂ ಚಿರತೆ ಇದೆಯಲ್ಲ, ಕಮ್ಮಾರರ ಹತ್ತಿರ ಒಂದು ಮಾಡಿಸಿ.

ತೋಳವನ್ನು ಕೊಲ್ಲುವ ಆಲೋಚನೆ ಇದ್ದರೆ

ಬಿಟ್ಟುಬಿಡಿ. "ತೋಳ ಬಿದ್ದರೆ ಆಳಿಗೊಂದು ಕಲ್ಲು" ಅಂತ ಗಾದೆಯೇ ಇದೆ, ಅಂದರೆ ಅದರ ಮೇಲಿನ ಸಿಟ್ಟು ಎಷ್ಟು ಹಳೆಯದು ನೋಡಿ. ಬ್ರಿಟಿಷರು ತಲೆಗಿಷ್ಟು ಅಂತ ಇನಾಮು ಕೊಟ್ಟು 1875ರಿಂದ 1925ರ ನಡುವೆ ದೇಶದಲ್ಲಿ ಕೊಲ್ಲಿಸಿದ ತೋಳಗಳು ಎರಡು ಲಕ್ಷದಷ್ಟು ಅಂತ ಇತಿಹಾಸಕಾರರ ಲೆಕ್ಕ. ಈಗ ಉಳಿದಿರುವುದು ಸುಮಾರು 3,000, ಹುಲಿಗಿಂತ ಕಡಿಮೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ವಿಷ ಇಟ್ಟರೆ, ಗುಹೆಗೆ ಹೊಗೆ ಹಾಕಿ ಮರಿ ಕೊಂದರೆ 3ರಿಂದ 7 ವರ್ಷ ಜೈಲು. ವಿಷದ ಮಾಂಸ ಮೊದಲು ತಿಂದು ಸಾಯುವುದೂ ನಿಮ್ಮ ನಾಯಿಯೇ.

2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್‌ನಿಂದ ತೋಳದ ದಾಳಿಯ ಸುದ್ದಿ ಬಂದ ಮೇಲೆ ಭಯ ಇನ್ನೂ ಹೆಚ್ಚಾಗಿದೆ. ಅರ್ಥವಾಗುತ್ತದೆ, ಮಕ್ಕಳ ವಿಷಯ. ಆದರೆ ಆ ಸುದ್ದಿ ನೋಡಿ ಇಲ್ಲಿನ ತೋಳದ ಮೇಲೆ ಹಗೆ ಸಾಧಿಸುವುದರಲ್ಲಿ ಅರ್ಥವಿಲ್ಲ. ಮೇಲುಕೋಟೆಯ ವನ್ಯಧಾಮ 1974ರಲ್ಲಿ ಆಗಿದ್ದೇ ತೋಳಕ್ಕಾಗಿ. ಈಗ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲೂ ತೋಳಧಾಮ ಇದೆ. ಅದರ ಸುತ್ತಲೂ ಕುರಿ ಮೇಯುತ್ತಲೇ ಇವೆ.

ನಮ್ಮ ಹಿರಿಯ ಕುರಿಗಾಹಿಗಳಲ್ಲಿ ಒಂದು ಮರಿ ಹೋದರೆ "ಅದರ ಪಾಲು ಅದು ತಿಂತು ಬಿಡು" ಅನ್ನುವವರು ಇನ್ನೂ ಸಿಗುತ್ತಾರೆ. ಅದೇ ಜನ ಮೈಲಾರಲಿಂಗನ ಭಕ್ತರಾದ ಗೊರವರಿಗೆ ದೋಣಿ ಎಂಬ ಪಾತ್ರೆಯಲ್ಲಿ ಹಾಲು, ಬಾಳೆಹಣ್ಣು ಹಾಕುತ್ತಾರೆ, ಗೊರವರು ದೇವರ ನಾಯಿಗಳಾಗಿ ಬೊಗಳುತ್ತಾ ಅದಕ್ಕೆ ಬಾಯಿ ಹಾಕುತ್ತಾರೆ. ನಾಯಿಗೆ ಪೂಜೆ, ತೋಳಕ್ಕೆ ಪಾಲು. ಸಾಲ ಮಾಡಿ ಕುರಿ ತಂದವನಿಗೆ ಅಷ್ಟು ಉದಾರವಾಗಿರು ಅಂತ ನಾನು ಹೇಳಲಾರೆ. ಅದಕ್ಕೇ ಪರಿಹಾರದ ದಾರಿ ಗೊತ್ತಿರಲಿ.

ಮರಿ ಹೋದ ಬೆಳಗ್ಗೆ

ಸತ್ತ ಕುರಿಯನ್ನು ಎತ್ತಬೇಡಿ. ಮೊದಲು ಮೊಬೈಲಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ: ಗಾಯ, ಹೆಜ್ಜೆ, ಎಳೆದ ಗುರುತು. ಕೊಂದದ್ದು ತೋಳವೋ ನಾಯಿಯೋ ಅನ್ನುವುದು ಇಲ್ಲೇ ಗೊತ್ತಾಗಬೇಕು. ಊರ ಬೀದಿ ನಾಯಿಗಳು ಮಾಡಿದ ಕೊಲೆಯೂ ಎಷ್ಟೋ ಸಲ ತೋಳದ ಲೆಕ್ಕಕ್ಕೆ ಬೀಳುತ್ತದೆ. ಸಾಮಾನ್ಯವಾಗಿ ತೋಳ ಗಂಟಲಿಗೆ ಬಾಯಿ ಹಾಕುತ್ತದೆ, ಒಂದೋ ಎರಡೋ ಹಿಡಿದು ಹೊತ್ತೊಯ್ಯುತ್ತದೆ, ಇಲ್ಲವೇ ಹೊಟ್ಟೆ ಭಾಗ ತಿಂದು ಹೋಗುತ್ತದೆ. ಬೀದಿ ನಾಯಿಗಳು ಹಿಂಗಾಲು, ಬಾಲ, ಕಿವಿ ಅಂತ ಸಿಕ್ಕಲ್ಲಿ ಕಚ್ಚಿ ಹತ್ತಾರು ಕುರಿ ಹರಿದು ಹಾಕುತ್ತವೆ, ತಿನ್ನುವುದು ಕಡಿಮೆ. ಕೊಂದದ್ದು ನಾಯಿಗಳಾದರೆ ಅರಣ್ಯ ಇಲಾಖೆಯ ಪರಿಹಾರ ಸಿಗುವುದಿಲ್ಲ. ಆಕಸ್ಮಿಕವಾಗಿ ಸತ್ತ ಕುರಿ-ಮೇಕೆಗೆ ಪಶುಪಾಲನಾ ಇಲಾಖೆಯ ಅನುಗ್ರಹ ಯೋಜನೆ ಇದೆ, ನಿಮ್ಮದು ಅದಕ್ಕೆ ಬರುತ್ತದಾ ಅಂತ ಪಶು ವೈದ್ಯರನ್ನೇ ಕೇಳಿ. ತೋಳವಾದರೆ ಅದೇ ದಿನ ಅರಣ್ಯ ರಕ್ಷಕರಿಗೆ ಫೋನ್ ಮಾಡಿ ಸ್ಥಳ ಪರಿಶೀಲನೆ ಮಾಡಿಸಿ, ಪಶು ವೈದ್ಯರ ಮರಣೋತ್ತರ ವರದಿ ತಗೊಳ್ಳಿ, ಅರ್ಜಿಯ ಜೊತೆ ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಕೊಡಿ. ಊರೂರು ತಿರುಗುವವರು ಬೇರೆ ಜಿಲ್ಲೆಯಲ್ಲಿದ್ದರೆ ಘಟನೆ ನಡೆದ ಜಾಗದ ಅರಣ್ಯ ವಲಯ ಕಚೇರಿಯಲ್ಲೇ ಕೊಡಬೇಕು.

ಕಾಗದದ ಕೆಲಸದಲ್ಲಿ ಸಂಜೆ ಮಾಡಿಕೊಳ್ಳಬೇಡಿ. ಒಮ್ಮೆ ಮರಿ ಸಿಕ್ಕ ಜಾಗಕ್ಕೆ ತೋಳ ಮಾರನೇ ರಾತ್ರಿ ಮತ್ತೆ ಬಂದು ನೋಡುವುದು ರೂಢಿ. ಆಗುವುದಾದರೆ ಮಂದೆಯನ್ನೇ ಬೇರೆ ಹೊಲಕ್ಕೆ ಹಾಕಿ. ಆಗದಿದ್ದರೆ ಮಂದೆ ಸುತ್ತ ಕಟ್ಟುವ ಬಲೆಯ ಕೆಳ ಅಂಚಿಗೆ ಕಲ್ಲು ಹೇರಿ, ಗೂಟ ಒತ್ತೊತ್ತಾಗಿ ಬಡಿಯಿರಿ, ಮರಿಗಳನ್ನು ನಡುವಿನ ಗೂಡಿಗೆ ಹಾಕಿ. ದೊಡ್ಡ ನಷ್ಟ ಆಗುವುದು ತೋಳ ಒಳಗೆ ಬಂದಾಗಲ್ಲ, ಹೆದರಿದ ಕುರಿಗಳು ಬಲೆ ಹರಿದುಕೊಂಡು ಕತ್ತಲಲ್ಲಿ ಚೆದುರಿದಾಗ. ಮಿಣುಕು ದೀಪ ಇಡುವವರು ದಿನಾ ಜಾಗ ಬದಲಿಸಿ, ಇಲ್ಲದಿದ್ದರೆ ವಾರದಲ್ಲಿ ತೋಳಕ್ಕೆ ಅಭ್ಯಾಸವಾಗುತ್ತದೆ. ನಾಯಿಯನ್ನು ಮಾತ್ರ ಗೂಟಕ್ಕೆ ಕಟ್ಟಬೇಡಿ. ಒಂದು ಬಲೆಯ ಒಳಗಿರಲಿ, ಇನ್ನೊಂದು ಹೊರಗೆ, ಗಾಳಿ ಬೀಸಿ ಬರುವ ಕಡೆ ಮಲಗಲಿ.